ಕೊಡಗಿನ ಕೊನೆಯ ಅರಸ: ನಾವು ಓದಿದ ನಾಲ್ಕು ಪುಸ್ತಕಗಳು

ಚಿಕವೀರರಾಜೇಂದ್ರನನ್ನು ಕನ್ನಡಿಗರಲ್ಲಿ ಬಹುಮಂದಿ ಬಲ್ಲದ್ದು ಮಾಸ್ತಿಯವರ ಮೂಲಕ. ಕೊಡಗಿನ ಇತಿಹಾಸದ ಒಂದು ಪುಟವನ್ನೂ ಓದದವರ ಕಣ್ಣಿಗೂ ಆ ವ್ಯಸನಿ, ಕ್ರೂರಿ ಅರಸ ಮತ್ತು ಅವನ ಬಲಗೈಯಾದ ಕುಂಟ ಬಸವ ಕಟ್ಟಿದಂತಿದ್ದಾರೆ. ಕಳೆದ ಕೆಲವು ತಿಂಗಳಲ್ಲಿ ನಾವು ಈ ಅರಸನಿಗೆ ಸಂಬಂಧಪಟ್ಟ ನಾಲ್ಕು ಪುಸ್ತಕಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟುಕೊಂಡು ಓದಿದೆವು. ಎರಡು ಕಾದಂಬರಿಗಳು, ಎರಡು ಇತಿಹಾಸ ಗ್ರಂಥಗಳು. ಓದುತ್ತ ಹೋದಂತೆ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಬೆಳೆಯಿತು: ಈ ಅರಸ ಇಷ್ಟು ಕೆಟ್ಟವನೆಂದು ನಮಗೆ ಹೇಳಿದವರು ಯಾರು?

ಮೊದಲು ಮಾಸ್ತಿ. 1956ರಲ್ಲಿ ಬಂದ ‘ಚಿಕವೀರ ರಾಜೇಂದ್ರ’ವನ್ನು ನಮ್ಮಲ್ಲಿ ಕೆಲವರು ಹರೆಯದಲ್ಲಿ ಓದಿದ್ದೆವು, ಕೆಲವರಿಗೆ ಇದೇ ಮೊದಲ ಓದು. 1983ರ ಜ್ಞಾನಪೀಠ ಇದಕ್ಕೆ ಸಂದದ್ದರಿಂದ ಕಾದಂಬರಿಗೆ ದೊಡ್ಡ ಹೆಸರು ಬಂದಿದೆ. ಆದರೆ ಹೆಸರು ಬಂದ ಪುಸ್ತಕಗಳನ್ನು ಜನ ಗೌರವದಿಂದ ಕಪಾಟಿನಲ್ಲಿಟ್ಟು ಮರೆಯುವುದೂ ಉಂಟು. ಈ ಸಲ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅರಸನ ದುರಾಚಾರವಲ್ಲ, ಮಂತ್ರಿಗಳ ಮಾತುಕತೆ. ಬೋಪಣ್ಣನೂ ಲಕ್ಷ್ಮೀನಾರಾಯಣಯ್ಯನೂ ಅರಸನನ್ನು ತಿದ್ದಲಾಗದೆ, ಬಿಡಲೂ ಆಗದೆ, ಪ್ರತಿ ಮಾತನ್ನೂ ತೂಗಿ ಆಡುತ್ತಾರೆ. ಮೈಸೂರು ಸಂಸ್ಥಾನದ ಆಡಳಿತದಲ್ಲಿ ಬಹುಕಾಲ ದುಡಿದ ಮಾಸ್ತಿಯವರಿಗೆ ಮೇಲಿನವನ ತಪ್ಪನ್ನು ಕಂಡೂ ಕೈಕಟ್ಟಿ ನಿಲ್ಲುವ ಅಧಿಕಾರಿಯ ಒಳಗುದಿ ಚೆನ್ನಾಗಿ ಗೊತ್ತಿತ್ತೆಂದು ತೋರುತ್ತದೆ. ಒಂದು ರಾಜ್ಯ ಹೊರಗಿನ ಫಿರಂಗಿಗೆ ಬೀಳುವ ಮೊದಲು ಒಳಗಿನ ಪಿಸುಮಾತಿನಲ್ಲಿ ಹೇಗೆ ಸಡಿಲಗೊಳ್ಳುತ್ತದೆಂಬುದನ್ನು ಇಷ್ಟು ತಣ್ಣಗೆ ಹೇಳಿದ ಕನ್ನಡ ಕಾದಂಬರಿ ನಮಗೆ ಬೇರೆ ನೆನಪಾಗಲಿಲ್ಲ.

ಇನ್ನು ಚರಿತ್ರೆ. 1820ರಲ್ಲಿ ಪಟ್ಟಕ್ಕೆ ಬಂದ ಅರಸನಿಗೆ ಹೆದರಿ ಅವನ ತಂಗಿ ದೇವಮ್ಮಾಜಿಯೂ ಅವಳ ಗಂಡ ಚೆನ್ನಬಸವಪ್ಪನೂ 1832ರಲ್ಲಿ ಕಂಪನಿಯ ಆಶ್ರಯಕ್ಕೆ ಓಡಿಹೋದರು. ಅರಸ ಅವರನ್ನು ಮರಳಿ ಕೇಳಿದ, ಕಂಪನಿ ಒಪ್ಪಲಿಲ್ಲ. ಸಂಧಾನಕ್ಕೆ ಬಂದ ಕಂಪನಿಯ ದೂತನನ್ನು ಅರಸ ತಡೆಹಿಡಿದ. 1834ರ ಏಪ್ರಿಲಿನಲ್ಲಿ ನಾಲ್ಕು ದಿಕ್ಕಿನಿಂದ ಸೇನೆ ನುಗ್ಗಿತು. ಕೆಲವೇ ದಿನಗಳಲ್ಲಿ ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಹಾರಿತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಂತೆ, ಕೊಡಗಿನ ನಿವಾಸಿಗಳೆಲ್ಲರೂ ಏಕಮತದಿಂದ ಬಯಸಿದ್ದರಿಂದಲೇ ಕಂಪನಿ ಆ ನಾಡನ್ನು ವಹಿಸಿಕೊಂಡಿತು. ಏಕಮತವೆಂಬ ಮಾತನ್ನು ಓದುವಾಗ ಬಕ್ಕದ ಕಾಳಗ ನೆನಪಾಗದಿರದು. ಉತ್ತರದ ಗಡಿಯ ಆ ಕಡಂಗದಲ್ಲಿ ಕೊಡಗಿನ ಪಡೆ ಕಂಪನಿಯ ತುಕಡಿಯನ್ನು ಹಿಮ್ಮೆಟ್ಟಿಸಿತ್ತು, ಕರ್ನಲ್ ಮಿಲ್ ಅಲ್ಲಿಯೇ ಮಡಿದಿದ್ದ. ತಮ್ಮನ್ನು ಬಿಡಿಸಲು ಬಂದವರ ಮೇಲೆ ಅವರು ಗುಂಡು ಹಾರಿಸಿದ್ದೇಕೆ?

ಉತ್ತರ ಹುಡುಕಿ ನಾವು ಹೋದದ್ದು ಹರ್ಮನ್ ಮೊಗ್ಲಿಂಗರ ‘ಕೂರ್ಗ್ ಮೆಮೊಯರ್ಸ್’ಗೆ. ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ, ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದ ಮೊಗ್ಲಿಂಗರಿಗೆ ಕನ್ನಡಿಗರು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಅವರ ಪುಸ್ತಕ 1855ರದು. ಅರಸನನ್ನು ಕಣ್ಣಾರೆ ಕಂಡವರು ಆಗ ಇನ್ನೂ ಬದುಕಿದ್ದರು, ಆದ್ದರಿಂದ ವಿವರಗಳಿಗೆ ಬೆಲೆಯಿದೆ. ಆದರೆ ಅರಸನ ಪಾಪಗಳ ಪಟ್ಟಿ ಬೆಳೆದಂತೆಲ್ಲ ಕಂಪನಿಯ ಬರವು ದೈವಕೃಪೆಯಂತೆ ಕಾಣತೊಡಗುತ್ತದೆ. ಅರಮನೆಯೇ ಬರೆಯಿಸಿದ ‘ರಾಜೇಂದ್ರನಾಮೆ’ ದೊಡ್ಡವೀರರಾಜೇಂದ್ರನ ಕಾಲಕ್ಕೆ ನಿಂತುಹೋಗುತ್ತದೆ. ಕೊನೆಯ ಅರಸನಿಗೆ ತನ್ನದೆಂಬ ಬಖೈರಿಲ್ಲ. ಅವನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಅವನು ಹೋದದ್ದೇ ಒಳ್ಳೆಯದಾಯಿತೆಂದು ನಂಬಿದವರು. ಅವನು ನಿರಪರಾಧಿಯೆಂದು ನಾವು ವಾದಿಸುತ್ತಿಲ್ಲ. ಸ್ವಂತ ರಕ್ತಸಂಬಂಧಿಗಳ ಕೊಲೆಯನ್ನು ಯಾವ ವಾದವೂ ತೊಳೆಯಲಾರದು. ಆದರೆ ಸಾಕ್ಷಿಯೆಲ್ಲ ಒಂದೇ ಕಡೆಯದಾದಾಗ ತೀರ್ಪನ್ನು ತುಸು ತಡೆದು ಬರೆಯಬೇಕು. ಮಾಸ್ತಿಯವರು ಆ ಸಾಕ್ಷಿಯನ್ನು ಹೆಚ್ಚುಕಡಿಮೆ ಹಾಗೆಯೇ ಒಪ್ಪಿದರೆಂಬುದು ಕಾದಂಬರಿಯ ಮೇಲೆ ನಮಗಿರುವ ಒಂದು ಆಕ್ಷೇಪ.

ಈ ಆಕ್ಷೇಪಕ್ಕೆ ಬಲ ಬರುವುದು 1837ರಿಂದ. ಅರಸ ಹೋದ ಮೂರೇ ವರ್ಷಕ್ಕೆ, ಅದೇ ರಾಜವಂಶದ ಹೆಸರಿನಲ್ಲಿ, ಘಟ್ಟದ ಕೆಳಗಿನ ಜನ ಕಂಪನಿಯ ವಿರುದ್ಧ ಎದ್ದರು. ಕೊಡಗಿನ ಅಧೀನದಲ್ಲಿದ್ದ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತ್ತು. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಅಳೆದುಕೊಟ್ಟರೆ ಸಾಕಿತ್ತು. ಈಗ ನಗದು ಎಣಿಸಬೇಕು. ಭತ್ತ ಅಂಗಳಕ್ಕೆ ಬಂದ ಕೂಡಲೇ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲವೇ ಸಾಲದವನ ಬಾಗಿಲಿಗೆ ಹೋಗಬೇಕು. ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನದಲ್ಲಿ, ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ಹೊರಟ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿಯಿತು. ಕಲೆಕ್ಟರು ಕಣ್ಣೂರಿಗೆ ಪಲಾಯನ ಮಾಡಿದ. ಊರು ಸುಮಾರು ಎರಡು ವಾರ ದಂಗೆಯವರ ಕೈಯಲ್ಲಿತ್ತು. ಆಮೇಲೆ ನಡೆದದ್ದು ಗಲ್ಲು, ಸೆರೆ, ಗಡೀಪಾರು. ದಿವಾನ ಬೋಪಣ್ಣ ದಂಗೆಯನ್ನು ಅಡಗಿಸಲು ನೆರವಾದ. ಲಕ್ಷ್ಮೀನಾರಾಯಣ ಅನುಮಾನಕ್ಕೆ ಗುರಿಯಾಗಿ ಸೆರೆ ಸೇರಿದ. ಮಾಸ್ತಿಯವರ ಕಾದಂಬರಿಯಲ್ಲಿ ಒಂದೇ ಪಡಸಾಲೆಯಲ್ಲಿ ಕೂತು ಚಿಂತಿಸಿದ ಇಬ್ಬರಿಗೆ ಕಂಪನಿಯ ರಾಜ್ಯದಲ್ಲಿ ಸಿಕ್ಕಿದ ಫಲ ಇದು.

ಸುಳ್ಯ ಸೀಮೆಯ ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ಈ ದಂಗೆಯನ್ನು ಕುರಿತು ‘ಕಲ್ಯಾಣಸ್ವಾಮಿ’ ಬರೆದರು. ಕಲೆಯ ದೃಷ್ಟಿಯಿಂದ ಅದನ್ನು ಮಾಸ್ತಿಯವರ ಪಕ್ಕದಲ್ಲಿಡಲು ನಮಗೆ ಮನಸ್ಸಾಗದು; ಉದ್ದೇಶ ಅಲ್ಲಲ್ಲಿ ಪಾತ್ರಗಳಿಗಿಂತ ಮುಂದೆ ನಡೆಯುತ್ತದೆ. ಆದರೆ ಮಾಸ್ತಿಯವರ ಕೋಟೆಯ ಗೋಡೆಯಾಚೆ ಉಳಿದುಬಿಟ್ಟ ಒಕ್ಕಲಿಗ ಇಲ್ಲಿ ಕಾಣಿಸುತ್ತಾನೆ. ಮುಂಬಯಿಯಲ್ಲಿರುವ ಸುಳ್ಯ, ಪುತ್ತೂರಿನ ಕಡೆಯವರನ್ನು ವಿಚಾರಿಸಿ ನೋಡಿ: ಹಿರಿಯರ ಬಾಯಲ್ಲಿ ಆ ದಂಗೆಯ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂದರೆ ಲೂಟಿ, ಉಪದ್ರವ. ಸೋತವರ ಮೊಮ್ಮಕ್ಕಳು ಕೂಡ ಗೆದ್ದವರಿಗೆ ಹಿತವಾದ ಹೆಸರಿನಿಂದಲೇ ತಮ್ಮ ಅಜ್ಜಂದಿರನ್ನು ನೆನೆಯುತ್ತ ಬಂದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ; ಆಡುಮಾತು ಬದಲಾಗಲು ಇನ್ನೂ ಕಾಲ ಬೇಕು.

ನಾಲ್ಕನೆಯದು ಸಿ. ಪಿ. ಬೆಳ್ಳಿಯಪ್ಪನವರು ಇಂಗ್ಲಿಷಿನಲ್ಲಿ ಬರೆದ ‘ವಿಕ್ಟೋರಿಯ ಗೌರಮ್ಮ’. ಪದವಿ ಕಳೆದುಕೊಂಡ ಅರಸ ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳೊಂದಿಗೆ ಲಂಡನ್ನಿಗೆ ಹೋದ. ತನ್ನ ಮನೆತನ ಕಂಪನಿಯಲ್ಲಿ ತೊಡಗಿಸಿದ್ದ ಹಣಕ್ಕಾಗಿ ಕಂಪನಿಯ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿದ. ವ್ಯಸನದಲ್ಲಿ ಮುಳುಗಿ ಮತಿಗೆಟ್ಟವನೆಂದು ನಾವು ನಂಬಿದ್ದ ಅರಸನಿಗೆ ಈ ಚತುರತೆ ಎಲ್ಲಿಂದ ಬಂತು? ಮೊಗ್ಲಿಂಗರ ಪುಸ್ತಕ ಅಚ್ಚಾದ ವರ್ಷ ಅವನು ಲಂಡನ್ನಿನಲ್ಲಿ ಇನ್ನೂ ಆ ಹಣಕ್ಕಾಗಿ ಹೋರಾಡುತ್ತಿದ್ದನೆಂಬುದನ್ನು ಓದುಗ ನೆನಪಿನಲ್ಲಿಡಬೇಕು. ಹಾಗೆಂದು ಅವನ ಮೇಲೆ ಮರುಕ ಪೂರ್ತಿ ಹುಟ್ಟುವುದೂ ಇಲ್ಲ. ಮಗಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿ, ರಾಣಿ ವಿಕ್ಟೋರಿಯಳೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಾಗ, ಆ ಸಂಬಂಧದಿಂದ ತನ್ನ ವ್ಯಾಜ್ಯಕ್ಕೆ ಬಲ ಬರಬಹುದೆಂಬ ಲೆಕ್ಕಾಚಾರ ಅವನಲ್ಲಿತ್ತು. ಕಾಶಿಯಲ್ಲಿ ಹುಟ್ಟಿ ಕೊಡಗನ್ನೇ ಕಾಣದ ಆ ಬಾಲೆ ಇಂಗ್ಲಿಷರ ಮನೆಗಳಲ್ಲಿ ಬೆಳೆದಳು, ಒಬ್ಬ ಸೇನಾಧಿಕಾರಿಯನ್ನು ವರಿಸಿದಳು, ಒಂದು ಹೆಣ್ಣುಮಗುವನ್ನು ಬಿಟ್ಟು 1864ರಲ್ಲಿ ತೀರಿಕೊಂಡಳು. ನಾಡಿನಿಂದ ದೂರ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಈ ಪುಟಗಳು ಉಳಿದೆಲ್ಲಕ್ಕಿಂತ ಹೆಚ್ಚು ತಟ್ಟಿದವು. ಅರಸ ತೀರಿಕೊಂಡದ್ದು 1859ರಲ್ಲಿ, ಲಂಡನ್ನಿನಲ್ಲೇ. ಅವನು ದಾವೆ ಹೂಡಿದ್ದ ಕಂಪನಿಯ ಆಳ್ವಿಕೆ ಅದಕ್ಕೆ ಹಿಂದಿನ ವರ್ಷವೇ ಕೊನೆಗೊಂಡಿತ್ತು.

ನಾಲ್ಕನ್ನೂ ಓದುವ ಬಿಡುವುಳ್ಳವರು ನಿರಂಜನರಿಂದ ಆರಂಭಿಸಿ ಮಾಸ್ತಿಯವರನ್ನು ಕೊನೆಗೆ ಇಟ್ಟುಕೊಳ್ಳಲಿ. ಹಾಗೆ ಓದಿದಾಗ ಬೋಪಣ್ಣ ಆಡುವ ಒಂದೊಂದು ಮಾತೂ ಬೇರೆಯಾಗಿ ಕೇಳಿಸುತ್ತದೆ.