ಸಿಎಫ್‌ಎ ಫ್ರಾಂಕ್: ಕಾರ್ಕಳದ ಗೇರು ಉದ್ಯಮವು ಅರಿತಿರಬೇಕಾದ ಪಶ್ಚಿಮ ಆಫ್ರಿಕಾದ ನಾಣ್ಯ

ಕಾರ್ಕಳ, ಉಡುಪಿ, ಕುಂದಾಪುರ ತಾಲೂಕುಗಳ ಗೇರುಬೀಜ ಕಾರ್ಖಾನೆಗಳಿಗೆ ಊರ ಬೆಳೆ ವರ್ಷವಿಡೀ ಸಾಲದು. ಈ ಕೊರತೆಯನ್ನು ತುಂಬುವ ಕಚ್ಚಾ ಬೀಜದ ದೊಡ್ಡ ಪಾಲು ಆಫ್ರಿಕಾದಿಂದ ಹಡಗೇರಿ ಬರುತ್ತದೆ. ಪಣಂಬೂರಿನ ನವಮಂಗಳೂರು ಬಂದರು ಈ ಆಮದಿನ ಒಂದು ಹೆಬ್ಬಾಗಿಲು. ವ್ಯವಹಾರ ಡಾಲರಿನಲ್ಲಿ ನಡೆಯುವುದರಿಂದ ನಮ್ಮವರ ದೃಷ್ಟಿ ಸಹಜವಾಗಿಯೇ ರೂಪಾಯಿ-ಡಾಲರ್ ದರದ ಮೇಲಿರುತ್ತದೆ. ಆದರೆ ಐವರಿ ಕೋಸ್ಟಿನ ಬೆಳೆಗಾರನ ಕೈ ಸೇರುವುದು ಡಾಲರ್ ಅಲ್ಲ, ಸಿಎಫ್‌ಎ ಫ್ರಾಂಕ್. ಆ ನಾಣ್ಯವನ್ನು ಅರಿಯದೆ ಬೀಜದ ಬೆಲೆಯ ಏರಿಳಿತ ಪೂರ್ಣವಾಗಿ ಅರ್ಥವಾಗದು.

ಹಿನ್ನೆಲೆ

ಸಿಎಫ್‌ಎ ಫ್ರಾಂಕ್ ಜನ್ಮತಾಳಿದ್ದು 1945ರ ಡಿಸೆಂಬರ್ 26ರಂದು. ಆರಂಭದಲ್ಲಿ ಈ ಮೂರಕ್ಷರಗಳು ಆಫ್ರಿಕಾದ ಫ್ರೆಂಚ್ ವಸಾಹತುಗಳನ್ನು ಸೂಚಿಸುತ್ತಿದ್ದವು. ಸ್ವಾತಂತ್ರ್ಯಾನಂತರ ಅಕ್ಷರಗಳು ಉಳಿದು ಅರ್ಥ ಬದಲಾಯಿತು. ಇಂದು ಪಶ್ಚಿಮ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಐವರಿ ಕೋಸ್ಟ್, ಗಿನಿ-ಬಿಸ್ಸಾವ್, ಮಾಲಿ, ನೈಜರ್, ಸೆನೆಗಲ್ ಮತ್ತು ಟೋಗೊ ಎಂಬ ಎಂಟು ದೇಶಗಳಲ್ಲಿ ಇದು ಚಲಾವಣೆಯಲ್ಲಿದೆ. ಇವುಗಳ ಸಮಾನ ಕೇಂದ್ರ ಬ್ಯಾಂಕಿನ ಪ್ರಧಾನ ಕಚೇರಿ ಸೆನೆಗಲ್‌ನ ಡಾಕರ್‌ನಲ್ಲಿದೆ. ಗಿನಿ-ಬಿಸ್ಸಾವ್ ತನ್ನ ಪೆಸೊವನ್ನು ತೊರೆದು ಇದನ್ನು ಸ್ವೀಕರಿಸಿದ್ದು 1997ರಲ್ಲಿ.

ವಿನಿಮಯ ದರ

ಈ ನಾಣ್ಯದ ದರವನ್ನು ಮಾರುಕಟ್ಟೆ ನಿರ್ಧರಿಸುವುದಿಲ್ಲ. 1994ರ ಜನವರಿ 12ರಂದು ಅಪಮೌಲ್ಯಗೊಂಡಾಗ ಒಂದು ಫ್ರೆಂಚ್ ಫ್ರಾಂಕಿಗೆ 50 ಇದ್ದ ದರ ಒಮ್ಮೆಲೇ 100 ಆಯಿತು. 1999ರಲ್ಲಿ ಯೂರೋ ಬಂದ ಬಳಿಕ ಒಂದು ಯೂರೋಗೆ 655.957 ಸಿಎಫ್‌ಎ ಎಂಬ ದರ ಸ್ಥಿರವಾಗಿ ನಿಂತಿದೆ. ಆದ್ದರಿಂದ ರೂಪಾಯಿ ಲೆಕ್ಕ ಸುಲಭ: ಯೂರೋವಿನ ರೂಪಾಯಿ ದರವನ್ನು 655.957ರಿಂದ ಭಾಗಿಸಿದರಾಯಿತು. ಯೂರೋಗೆ 100 ರೂಪಾಯಿ ಇದ್ದಲ್ಲಿ 100 ಸಿಎಫ್‌ಎ ಎಂದರೆ 15 ರೂಪಾಯಿ 24 ಪೈಸೆ.

ಗೇರುಬೀಜದ ಲೆಕ್ಕ

ಕಚ್ಚಾ ಗೇರುಬೀಜದ ಉತ್ಪಾದನೆಯಲ್ಲಿ ಐವರಿ ಕೋಸ್ಟ್ ಜಗತ್ತಿನಲ್ಲೇ ಮುಂದಿದೆ. ಅಲ್ಲಿನ ಸರಕಾರ ಬೆಳೆಗಾರರಿಗೆ ಪ್ರತಿ ಹಂಗಾಮಿನಲ್ಲಿ ಕನಿಷ್ಠ ಬೆಲೆಯನ್ನು ಘೋಷಿಸುತ್ತದೆ. 2024ರಲ್ಲಿ ಕಿಲೋಗೆ 275 ಸಿಎಫ್‌ಎ ಇದ್ದ ಈ ಬೆಲೆ 2025ರಲ್ಲಿ 425ಕ್ಕೆ ಏರಿತು.

425 ಸಿಎಫ್‌ಎ ದರದಲ್ಲಿ ಒಂದು ಟನ್ನಿಗೆ ಸುಮಾರು 648 ಯೂರೋ. 2025ರ ಜನವರಿಯಲ್ಲಿ ಯೂರೋ ಸುಮಾರು 1.03 ಡಾಲರ್ ಇದ್ದಾಗ ಇದು 667 ಡಾಲರ್; ಜುಲೈಯಲ್ಲಿ ಯೂರೋ ಸುಮಾರು 1.17 ಡಾಲರಿಗೆ ಏರಿದಾಗ ಅದೇ 758 ಡಾಲರ್. ಈ ಎರಡೂ ತಿಂಗಳಲ್ಲಿ ಡಾಲರ್ 86 ರೂಪಾಯಿಯ ಆಸುಪಾಸಿನಲ್ಲೇ ಇತ್ತು. ಅಂದರೆ ರೂಪಾಯಿ-ಡಾಲರ್ ದರ ಹೆಚ್ಚು ಬದಲಾಗದಿದ್ದರೂ, ಬೆಳೆಗಾರನಿಗೆ ಒಂದು ಫ್ರಾಂಕ್ ಹೆಚ್ಚು ಸಿಗದಿದ್ದರೂ, ಟನ್ನಿನ ಮೂಲಬೆಲೆ ರೂಪಾಯಿ ಲೆಕ್ಕದಲ್ಲಿ 7,800ರಷ್ಟು ಏರಿದಂತಾಯಿತು. ಟನ್ ಬೀಜದಿಂದ ಸುಮಾರು ಕಾಲುಭಾಗ ಗೋಡಂಬಿ ದೊರೆಯುತ್ತದೆಂದು ಭಾವಿಸಿದರೆ, ಗೋಡಂಬಿಯ ಪ್ರತಿ ಕಿಲೋಗೆ ಬೀಳುವ ಹೊರೆ ಸುಮಾರು 31 ರೂಪಾಯಿ. ಸಾಗಾಟ, ಸುಂಕ, ಮಧ್ಯವರ್ತಿಗಳ ಲಾಭಾಂಶ ಇದರಲ್ಲಿ ಸೇರಿಲ್ಲ.

ನೆರೆಯ ನಾಣ್ಯಗಳು

ಗೇರು ಬೆಳೆಯುವ ಘಾನಾ ಮತ್ತು ನೈಜೀರಿಯಾ ಈ ಒಕ್ಕೂಟದಲ್ಲಿಲ್ಲ. 1965ರಲ್ಲಿ ಬಂದ ಘಾನಾದ ಸೆಡಿಗೆ ಆ ಹೆಸರು ದೊರೆತದ್ದು ಕವಡೆ ಎಂಬರ್ಥದ ಅಲ್ಲಿನ ನುಡಿಯಿಂದ. ಮಾಲ್ಡೀವ್ಸ್‌ನ ಕವಡೆ ಒಂದು ಕಾಲದಲ್ಲಿ ಪಶ್ಚಿಮ ಆಫ್ರಿಕಾದ ಹಣವಾಗಿತ್ತು. 2007ರಲ್ಲಿ 10,000 ಹಳೆಯ ಸೆಡಿಗೆ ಒಂದು ಹೊಸ ಸೆಡಿ ನೀಡಲಾಯಿತು. 1973ರಲ್ಲಿ ಬಂದ ನೈಜೀರಿಯಾದ ನೈರಾ, 2023ರ ಜೂನ್‌ನಲ್ಲಿ ದರ ನಿಯಂತ್ರಣ ಸಡಿಲಗೊಂಡಾಗ ತೀವ್ರವಾಗಿ ಕುಸಿಯಿತು. ಹೀಗಾಗಿ ಈ ಎರಡು ದೇಶಗಳ ಬೀಜದ ಲೆಕ್ಕವೇ ಬೇರೆ.

ಮುಂದೇನು?

ಸಿಎಫ್‌ಎ ಬದಲಿಗೆ 'ಇಕೊ' ಎಂಬ ನಾಣ್ಯ ತರುವುದಾಗಿ 2019ರ ಡಿಸೆಂಬರ್‌ನಲ್ಲಿ ಘೋಷಿಸಲಾಗಿದೆ. ಸ್ಥಿರ ದರವೂ ಶಾಶ್ವತವಲ್ಲ ಎಂಬುದಕ್ಕೆ 1994ರ ಅನುಭವವೇ ಸಾಕ್ಷಿ. ಬೀಜದ ಬೆಲೆ ಏರಿ ಗೋಡಂಬಿಯ ಬೆಲೆ ಏರದಿದ್ದರೆ ಕಾರ್ಖಾನೆಯಲ್ಲಿ ಕಡಿತವಾಗುವುದು ಕೆಲಸದ ದಿನಗಳು. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಆದ್ದರಿಂದ ಬೀಜ ಖರೀದಿಯ ಹಂಗಾಮಿನಲ್ಲಿ ರೂಪಾಯಿ-ಡಾಲರ್ ದರದ ಜೊತೆಗೆ ಯೂರೋ-ಡಾಲರ್ ದರವನ್ನೂ ಗಮನಿಸುವುದು ಉದ್ಯಮಕ್ಕೂ ಕಾರ್ಮಿಕರಿಗೂ ಹಿತ.