ಬೆಳ್ವೊಲದ ಹತ್ತಿಯೂ ನಾಡಿನ ಸಿರಿಯೂ

ನಾಡೊಂದರ ಸಿರಿಗೆ ಮೂಲವಾವುದೆಂದು ವಿಚಾರಿಸುವವರು ಮೊದಲು ಅದರ ಮಣ್ಣನ್ನು ನೋಡತಕ್ಕದ್ದು. ಗದಗು, ಅಣ್ಣಿಗೇರಿಗಳ ಸುತ್ತಲಿನ ಎರೆಭೂಮಿಯನ್ನು ಪ್ರಾಚೀನ ಶಾಸನಗಳು ಬೆಳ್ವೊಲ ಮುನ್ನೂರೆಂದು ಕರೆದಿರುವವು. ಬೆಳೆಯ ಹೊಲವೆಂದೇ ಆ ಹೆಸರಿಗೆ ವಿದ್ವಾಂಸರು ಅರ್ಥ ಹೇಳುವರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿಯ ಲೊಕ್ಕಿಗುಂಡಿಯ ಗದ್ಯಾಣವು ಹೆಸರಾಂತ ನಾಣ್ಯವಾಗಿದ್ದಿತು. ಆ ವೈಭವದ ಹಿಂದೆ ಒಕ್ಕಲಿಗನ ನೇಗಿಲೂ ಇದ್ದಿತೆಂಬುದನ್ನು ಮರೆಯಲಾಗದು.

ಎರೆಯ ಗುಣವೇನೆಂದರೆ, ಮಳೆ ಅಲ್ಪವಾದರೂ ಅದು ಹಸಿಯನ್ನು ಬಹುಕಾಲ ಹಿಡಿದಿಡುವದು. ಆದುದರಿಂದ ಹಿಂಗಾರಿಯಲ್ಲಿ ಮನೆಯ ಊಟಕ್ಕೆ ಬಿಳಿಜೋಳವೂ ಪೇಟೆಗೆ ಹತ್ತಿಯೂ ಬೆಳೆದವು. ರೈಲು ಬರುವ ಮುನ್ನ ಈ ಹತ್ತಿಯು ಎತ್ತು ಬಂಡಿಗಳ ಮೇಲೆ ಸಹ್ಯಾದ್ರಿಯನ್ನಿಳಿದು ಕುಮಟೆಯ ಬಂದರಕ್ಕೆ ಹೋಗುತ್ತಿದ್ದಿತು. ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿಯೆಂದೇ ಕರೆದರು. ಬೆಳೆದ ಊರಿನ ಹೆಸರು ಅದಕ್ಕೆ ಬರಲಿಲ್ಲ. 1840ರ ದಶಕದಲ್ಲಿ ಸರಕಾರದವರು ತರಿಸಿದ ಅಮೇರಿಕೆಯ ಬೀಜವು ಈ ನೆಲಕ್ಕೆ ಹೊಂದಿಕೊಂಡು, ಧಾರವಾಡ-ಅಮೇರಿಕನ್ ಎಂಬ ಜಾತಿಯಾಗಿ ಪ್ರಸಿದ್ಧವಾಯಿತು.

1861ರಲ್ಲಿ ಅಮೇರಿಕೆಯಲ್ಲಿ ಅಂತರ್ಯುದ್ಧ ಮೊದಲಾಗಲು ಲಂಕಾಶಾಯರದ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಯಿತು. ನಮ್ಮ ಹತ್ತಿಯ ಧಾರಣೆಯು ಹಿಂದೆಂದೂ ಕಾಣದಷ್ಟು ಏರಿತು. 1865ರಲ್ಲಿ ಯುದ್ಧವು ಮುಗಿಯಲು ಅಷ್ಟೇ ವೇಗದಿಂದ ಇಳಿಯಿತು. ಬೆನ್ನಿಗೆ 1876-78ರ ಘೋರ ಕ್ಷಾಮವು ಬಂದಿತು. ಮುಂದೆ 1884ರಲ್ಲಿ ಗದುಗಿಗೆ ರೈಲು ಬಂದ ತರುವಾಯ ಅರಳೆ ಬಿಡಿಸುವ ಜಿನ್ನುಗಳೂ ಅದನ್ನು ಒತ್ತಿ ಗಂಟು ಕಟ್ಟುವ ಪ್ರೆಸ್ಸುಗಳೂ ಎದ್ದು, ಗದಗು ಹುಬ್ಬಳ್ಳಿಗಳು ದೊಡ್ಡ ಪೇಟೆಗಳಾದವು.

ಪೇಟೆಯು ಬೆಳೆದಂತೆ ಒಕ್ಕಲಿಗನೂ ಬೆಳೆದನೆ? ಬೆಳೆಯು ವರ್ಷಕ್ಕೊಮ್ಮೆ ಬರುವದು. ಬೀಜ, ಎತ್ತು, ಕಂದಾಯಗಳ ವೆಚ್ಚವಾದರೋ ಅದಕ್ಕಾಗಿ ಕಾಯದು. ಆದುದರಿಂದ ಅವನು ಹೊಲದಲ್ಲಿಯ ಬೆಳೆಯನ್ನು ನಂಬಿಸಿ ಸಾವುಕಾರನಲ್ಲಿ ಸಾಲ ತರುವನು. ಹತ್ತಿ ಬಿಡಿಸುವ ಮೊದಲೇ ಅದರ ಹಣವು ಬಡ್ಡಿಗೆ ಸಂದಿರುವದು.

ಈ ಕಟ್ಟನ್ನು ಸಡಿಲಿಸುವ ಮೊದಲ ಯತ್ನವು ಇದೇ ನೆಲದಲ್ಲಿ ನಡೆದುದು ನಮ್ಮ ಪುಣ್ಯ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾಗಲು, ಗದುಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿದರು. 1905ನೆಯ ಮೇ 8ರಂದು ಅಲ್ಲಿಯ ಸಂಘವು ನೋಂದಣಿಯಾಗಿ, ಭಾರತದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆನಿಸಿತು. ಒಬ್ಬನ ಮಾತಿಗೆ ದೊರೆಯದ ಹಣವು ಊರೆಲ್ಲರ ಹೊಣೆಗೆ ದೊರೆಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, ಸುಧಾರಿಸಿದ ಹತ್ತಿಯನ್ನು ಒಟ್ಟಾಗಿ ಮಾರುವ ಸಂಘವೂ ಹುಟ್ಟಿತು. ಹೀಗೆ ಸಾಲ, ಮಾರಾಟ ಎರಡರಲ್ಲಿಯೂ ಒಕ್ಕಲಿಗನಿಗೆ ಕೈಯೂರಲು ಸ್ಥಳ ದೊರೆಯಿತು.

ಮಳೆಯೂ ಧಾರಣೆಯೂ ಇಂದಿಗೂ ಬೆಳವಲದ ರೈತನ ಕೈಯೊಳಗಿಲ್ಲ. ಆದುದರಿಂದ ನಾಡಿನ ಏಳಿಗೆಯನ್ನು ಅಳೆಯುವಾಗ ಪೇಟೆಗೆ ಬಂದ ಅಂಡಿಗೆಗಳನ್ನಷ್ಟೇ ಎಣಿಸದೆ, ಬೆಳೆದವನ ಮನೆಯಲ್ಲಿ ಉಳಿದುದೆಷ್ಟೆಂಬುದನ್ನೂ ವಾಚಕ ಮಹಾಶಯರು ವಿಚಾರಿಸಬೇಕು. ಕಣಗಿನಹಾಳದ ಹಿರಿಯರು ಮಾಡಿದ್ದು ಈ ಲೆಕ್ಕವನ್ನೇ.