ರಶೀದಿಯ ಮೇಲಿನ ಎರಡು ಶಬ್ದ

ನಮ್ಮ ಕಾರವಾರ-ಅಂಕೋಲಾ ಕಡೆ ಸೀಬರ್ಡ್ ಮಾತು ಬಂದ್ರೆ ಈಗ್ಲೂ ಒಂದು ಪ್ರಶ್ನೆ ಏಳ್ತದೆ. ಅಕ್ಕಪಕ್ಕದ ಗದ್ದೆ, ಒಂದೇ ಮಣ್ಣು. ಒಬ್ಬನಿಗೆ ಕೋರ್ಟಿನ ರೇಟು, ಇನ್ನೊಬ್ಬನಿಗೆ ಸರ್ಕಾರದ ರೇಟು ಯಾಕೆ? ಸ್ವಲ್ಪ ಉದ್ದ ಆಗ್ತದೆ, ಓದಿ.

1986ರ ಅಕ್ಟೋಬರ್ 24ಕ್ಕೆ ರಾಜೀವ್ ಗಾಂಧಿ ಕಾರವಾರದಲ್ಲಿ ನೌಕಾನೆಲೆಗೆ ಅಡಿಗಲ್ಲು ಹಾಕಿದ್ರು. ಗೇಣಿ ಜಮೀನು ಉಳುವವನಿಗೆ ಅನ್ನೋ ಕಾನೂನು ಜಾರಿಯಾದದ್ದು 1974ರ ಮಾರ್ಚ್ 1ಕ್ಕೆ. ಅಂದ್ರೆ ಏಳನೇ ನಮೂನೆ ಕೊಟ್ಟು ಪಹಣಿಯಲ್ಲಿ ಮೊದಲ ಸಲ ಹೆಸರು ಕಂಡ ಒಕ್ಕಲಿನವರಿಗೆ ಆ ಸುಖ ಹೆಚ್ಚು ಕಾಲ ಇರಲಿಲ್ಲ.

ಸ್ವಾಧೀನ ಆದದ್ದು ಬ್ರಿಟಿಷರ 1894ರ ಕಾಯ್ದೆಯಲ್ಲಿ. ಅದು ಹಣದ್ದೇ ಮಾತಾಡ್ತದೆ. ಭೂಮಿಗೆ ಬದಲು ಭೂಮಿ ಅನ್ನೋದು 31ನೇ ಕಲಮಿನ ಮೂಲೆಯಲ್ಲಿದೆ, ಅದೂ ಪೂರ್ತಿ ಹಕ್ಕಿಲ್ಲದವರಿಗೆ, ಸರ್ಕಾರ ಒಪ್ಪಿದ್ರೆ. ಪುನರ್ವಸತಿ ಕೇಂದ್ರದಲ್ಲಿ ಸಿಕ್ಕಿದ್ದು ಮನೆ ಕಟ್ಟೋ ಜಾಗ. ಅಲ್ಲಿ ಭತ್ತ ಬೆಳೀತದಾ?

ಅದೇ 31ನೇ ಕಲಮಿನಲ್ಲಿ ಇನ್ನೊಂದು ಮಾತುಂಟು. ಹಣ ತಗೊಳ್ಳುವಾಗ ‘ಆಕ್ಷೇಪಣೆ ಇಟ್ಟುಕೊಂಡು’ ಅಂತ ಬರೆಯದಿದ್ರೆ, ಹೆಚ್ಚು ಬೇಕು ಅಂತ 18ನೇ ಕಲಮಿನಡಿ ಕೋರ್ಟಿಗೆ ಹೋಗೋ ಹಕ್ಕೇ ಇಲ್ಲ. ಹೆಬ್ಬೆಟ್ಟು ಒತ್ತುವವನಿಗೆ ಈ ಎರಡು ಶಬ್ದ ಯಾರು ಹೇಳ್ಬೇಕಿತ್ತು? ಕೊಡೋ ಮೇಜಿನವರೇ ಹೇಳ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

1984ರ ತಿದ್ದುಪಡಿ ಪರಿಹಾರದ ಮೇಲೆ ಕೊಡೋ ಸೋಲೇಶಿಯಂ ಶೇ. 30 ಮಾಡ್ತು. ಜೊತೆಗೆ 28-ಎ ಅನ್ನೋ ಬಾಗಿಲು ಇಟ್ತು. ಅದೇ ಅಧಿಸೂಚನೆಯ ಒಬ್ಬ ರೈತ ಕೋರ್ಟಲ್ಲಿ ಗೆದ್ರೆ, ಕೇಸು ಹಾಕದವನೂ ಅದೇ ದರ ಕೇಳ್ಬಹುದು. ಆದ್ರೆ ತೀರ್ಪಿನ ದಿನದಿಂದ ಮೂರೇ ತಿಂಗಳು! ಊರು ಚದುರಿ ಹೋದ ಮೇಲೆ ಯಾರದೋ ತೀರ್ಪಿನ ಸುದ್ದಿ ಯಾರಿಗೆ ಮುಟ್ಟಬೇಕು.

2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ಪರಿಹಾರದ ಕೇಸುಗಳು ಆಮೇಲೂ ವರ್ಷಗಟ್ಟಲೆ ನಡೆದ್ವು.

ಈಗ ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಸ್ವಾಧೀನ. ಕಾಯ್ದೆ 2013ರದ್ದು, ಸೋಲೇಶಿಯಂ ಶೇ. 100. ಒಳ್ಳೇದೇ. ಆದ್ರೆ 77ನೇ ಕಲಂ ತೆಗೆದು ನೋಡಿ, ಆ ಎರಡು ಶಬ್ದದ ಷರತ್ತು ಹಾಗೇ ಉಂಟು. 73ರಲ್ಲಿ ಗಡುವು ಕೂಡ ಅದೇ ಮೂರು ತಿಂಗಳು.